ಹೊಳೆಯ ಬೈಗುಳ ಹೊರಬಿದ್ದ ಬಗೆ

ಹೊಳೆಮಣ್ಣೂರಿನ ಈ ಸಂಗತಿಯನ್ನು ನಾನು ಇಬ್ಬರ ಬಾಯಿಂದ ಕೇಳಿದ್ದೇನೆ. ಒಬ್ಬಳು ಸಿದ್ದವ್ವನ ಸೊಸೆ ರಾಜೇಶ್ವರಿ. ಇನ್ನೊಬ್ಬರು ರೋಣದ ಕಾಳಿನ ವ್ಯಾಪಾರಿ ಪ್ರಭುಲಿಂಗಪ್ಪನವರು. ಇಬ್ಬರ ಹೇಳಿಕೆ ಕೂಡುವಲ್ಲಿ ನಾನು ಏನನ್ನೂ ಸೇರಿಸಿಲ್ಲ. ಕೂಡದಿರುವಲ್ಲಿ ಹಾಗೆಂದೇ ಹೇಳಿದ್ದೇನೆ.

ಮಲಪ್ರಭೆಯ ಪೂರ, ಅಂದರೆ ನೆರೆ, ಇಳಿದ ಮೇಲಿನ ಮೊದಲ ಶುಕ್ರವಾರ ಆ ಊರಿನ ಹೆಂಗಸರು ಹೊಳೆಗೆ ಉಡಿ ತುಂಬುತ್ತಾರೆ. ಕಾಳು ಕೇರುವ ಮರದಲ್ಲಿ ಅಕ್ಕಿ, ಕುಪ್ಪಸದ ಕಣ, ಒಣಕೊಬ್ಬರಿ, ಅರಿಸಿನದ ಕೊಂಬು. ಇಷ್ಟನ್ನು ಗಂಡಸರೂ ಬಲ್ಲರು. ಆಮೇಲೆ ನಡೆಯುವುದನ್ನು ಅವರು ಅರಿಯರು. ಹೆಂಗಸರು ಒಬ್ಬೊಬ್ಬರಾಗಿ ನೀರಿನ ಮೇಲೆ ಬಾಗಿ, ತವರಿಗೆ ಬಂದು ರಂಪ ಮಾಡಿದ ಮಗಳನ್ನು ತಾಯಿ ಬೈಯುವಂತೆ, ಹೊಳೆಯನ್ನು ಪಿಸುದನಿಯಲ್ಲಿ ಬೈಯುತ್ತಾರೆ. ತನ್ನ ಮನೆಯಿಂದ ಇದುವರೆಗಿನ ಪೂರಗಳಲ್ಲಿ ಹೋದದ್ದನ್ನು ಹೆಸರಿಸಿಯೇ ಪ್ರತಿಯೊಬ್ಬಳೂ ಬೈಗುಳ ಆರಂಭಿಸಬೇಕು. ಹೊಳೆಯ ಮುಂದೆ ಸುಳ್ಳಾಡುವಂತಿಲ್ಲ. ಗಂಡಸರ ಕಿವಿಗೆ ಬಿದ್ದರೆ ಬೈಗುಳದ ಬಲ ಹೋಗಿ ಹೊಳೆ ಮತ್ತೆ ಏರುತ್ತದೆಂಬುದು ನಂಬಿಕೆ. ಮರ ಹಿಡಿದು ಮೊದಲು ಬೈಯುವ ಹಕ್ಕು ಸಿದ್ದವ್ವನದು. ಅತ್ತೆ ಅವಳಿಗೆ ಬಿಟ್ಟುಹೋದದ್ದು ಅದೊಂದೇ.

ಈ ಭಾಗದ ಮಾನವಶಾಸ್ತ್ರಜ್ಞರಿಗೊಂದು ಸಂಘವಿದೆ. ಅದರ ವಾರ್ತಾಪತ್ರದಲ್ಲಿ ಯಾರು ಯಾವ ಊರಿಗೆ ಅಧ್ಯಯನಕ್ಕೆ ಹೋದರು, ಗಜೇಂದ್ರಗಡದಲ್ಲಿ ಯಾರ ಉಪನ್ಯಾಸವಾಯಿತು ಎಂಬಂಥ ಸುದ್ದಿಗಳು ಬರುತ್ತವೆ. ಈಚಿನ ಸಂಚಿಕೆಯಲ್ಲಿ ನರಗುಂದದಲ್ಲಿ ಪಾಠ ಹೇಳುವ ರೇಷ್ಮಾ ಎಂಬಾಕೆ ಹೊಳೆಯನ್ನು ಬೈಯುವ ಈ ಪದ್ಧತಿಯ ಬಗ್ಗೆ ಬರೆದಿದ್ದಳು. ಮಾಹಿತಿ ಕೊಟ್ಟವರ ಗುರುತು ಬಿಟ್ಟುಕೊಡಬಾರದೆಂಬುದು ಸಂಘದ ಕಟ್ಟುನಿಟ್ಟಿನ ನಿಯಮ. ಊರಿನ ಹೆಸರಿರಲಿಲ್ಲ, ಹೇಳಿದವಳ ಹೆಸರೂ ಇರಲಿಲ್ಲ. ‘ಒಂದು ಕಣ್ಣಿಗೆ ಪೊರೆ ಬಂದ, ಕೌದಿ ಹೊಲಿಯುವ ವಿಧವೆ’ ಎಂದಷ್ಟೇ ಇತ್ತು.

ಸಂಘಕ್ಕೆ ತಮ್ಮ ಕಲ್ಯಾಣಮಂಟಪವನ್ನು ಬಿಟ್ಟುಕೊಡುತ್ತಿದ್ದ ಪ್ರಭುಲಿಂಗಪ್ಪನವರಿಗೆ ಆ ಪತ್ರ ಬರುತ್ತಿತ್ತು. ಸಿದ್ದವ್ವ ಹೊಲಿದ ಕೌದಿಯನ್ನೇ ಹೊದ್ದು ಮಲಗುವ ಅವರಿಗೆ ಗುರುತು ಹತ್ತಲು ತಡವಾಗಲಿಲ್ಲ. ಅಂಗಡಿಗೆ ಬಂದ ಹೊಳೆಮಣ್ಣೂರಿನ ರೈತರಿಗೆ ಹೇಳಿಯೇಬಿಟ್ಟರು.

“ಏ, ನಿಮ್ಮ ಹೆಂಗಸ್ರು ಹೊಳಿಗೂ ಬೈತಾರಂತಲ್ಲೋ! ನಿಮ್ಮನ್ನ ಬೈದದ್ದು ಸಾಲಲಿಲ್ಲೇನು? ಸಿದ್ದವ್ವ ಎಲ್ಲಾ ಹೇಳಿ ಬರಸ್ಯಾಳ ನೋಡು.”

ನಗೆಯೊಂದಿಗೆ ಹೊರಟ ಮಾತು ಸಂಜೆಗೆ ಊರು ಮುಟ್ಟುವಷ್ಟರಲ್ಲಿ ನಗೆಯನ್ನು ದಾರಿಯಲ್ಲೇ ಬಿಟ್ಟಿತ್ತು. ಆಗಷ್ಟೇ ಪೂರ ಇಳಿಯುತ್ತಿತ್ತು. ಸಿದ್ದವ್ವ ನಳದ ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಕೌದಿಗೆಂದು ಹಳೆ ಸೀರೆ ಕೊಟ್ಟವರು ಒಬ್ಬೊಬ್ಬರೇ ಬಂದು, ಅರ್ಧ ಹೊಲಿದದ್ದನ್ನೂ ಮಡಚಿಕೊಂಡು ಹೋದರು.

ಎಲ್ಲರಿಗಿಂತ ಜೋರು ದನಿ ನೆರೆಮನೆಯ ಫಕೀರವ್ವನದು. “ಅತ್ತಿ ಕೊಟ್ಟ ಮಾತು ಮಾರಕೊಂಡಾಕಿ ಮರಾ ಹಿಡಿಯೂದು ಬ್ಯಾಡ. ಈ ಸಲ ಬ್ಯಾರೆಯವ್ರು ಹಿಡೀಲಿ.”

“ಯಾರ್ ಹಿಡೀತಾರ? ನೀ ಹಿಡೀತಿ ಏನು?” ಎಂದು ಯಾರೋ ಕೆಣಕಿದರು.

“ಹಿಡೀತೀನಿ ತಗೋ. ನನಗೇನ್ ಕೈ ಇಲ್ಲೇನು?”

ತನಗೂ ಅನುಮಾನವಿತ್ತೆಂದು ರಾಜೇಶ್ವರಿ ಮುಚ್ಚಿಡಲಿಲ್ಲ. ಒಂದು ದಿನ ರೊಟ್ಟಿ ಬಡಿಯುತ್ತ ಕೇಳಿಯೇಬಿಟ್ಟಳು: “ಅತ್ತೀ, ಖರೇ ಹೇಳ್ರಿ. ಯಾರರ ಬಂದಿದ್ರೇನು?”

“ನೀನೂ ಏನವಾ?” ಎಂದಳು ಸಿದ್ದವ್ವ. ಒಲೆಗೊಂದು ಕಟ್ಟಿಗೆ ಸರಿಸಿ, “ಬರದಾಕಿ ಎಲ್ಲಿ ಸಿಗ್ತಾಳ ಕೇಳು. ಅಕಿ ಮಾರಿ ನೋಡಬೇಕು ನಾ” ಎಂದಳು.

ಉಡಿ ತುಂಬುವ ಹಿಂದಿನ ದಿನವೇ ರೋಣದಲ್ಲಿ, ಪ್ರಭುಲಿಂಗಪ್ಪನವರ ಮಂಟಪದಲ್ಲೇ, ಸಂಘದ ವಾರ್ಷಿಕ ಸಭೆಯಿತ್ತು. ಅತ್ತೆ ಸೊಸೆಯರೊಂದಿಗೆ ನಾಲ್ಕಾರು ಹೆಂಗಸರು ಟಂಟಂ ಗಾಡಿ ಹತ್ತಿದರು. ಖರೇ ಖೋಟಾ ನೋಡುತ್ತೇನೆಂದು ಫಕೀರವ್ವನೂ ಹತ್ತಿದಳು.

ಸಭೆಯಲ್ಲಿ ಕಾರ್ಯದರ್ಶಿ ಮಾಲತೇಶ ವರ್ಷದ ವರದಿ ಓದಿದ. ತೀರಿಕೊಂಡ ಸದಸ್ಯರಿಗಾಗಿ ಎಲ್ಲರೂ ಎದ್ದು ನಿಂತರು. ಹೊಸ ಪದಾಧಿಕಾರಿಗಳ ಹೆಸರು ಕೂಗಿದ ಮೇಲೆ, ಉತ್ತಮ ಲೇಖನದ ಬಹುಮಾನ ರೇಷ್ಮಾಳಿಗೆ ಎಂದು ಸಾರಿ, ಅದನ್ನು ಓದಲು ಅವಳನ್ನು ವೇದಿಕೆಗೆ ಕರೆದರು. ಕೌದಿ ಹೊಲಿಯುವ ವಿಧವೆಯ ಮಾತು ಬರುತ್ತಲೇ ಹಿಂದಿನ ಸಾಲಿನಲ್ಲಿ ಸಿದ್ದವ್ವ ಎದ್ದಳು.

“ತಂಗೀ, ನೀ ಬರದಾಕಿ ನಾನ ನೋಡವಾ. ಪೊರಿ ಬಂದ ಕಣ್ಣು ಇದ ನೋಡು. ನಿನಗ ನಾ ಯಾವಾಗ ಹೇಳಿದ್ನಿ?”

ರೇಷ್ಮಾ ಅವಳನ್ನು ನೋಡಿದಳು. ಕೈಯಲ್ಲಿದ್ದ ಹಾಳೆಯನ್ನು ನೋಡಿದಳು. “ಇವರಲ್ಲ. ಇವರನ್ನ ನಾ ಇವತ್ತ ನೋಡಾಕತ್ತೀನಿ” ಎಂದಳು. ಆಮೇಲೆ ತಡವರಿಸುತ್ತ ವಿವರಿಸಿದಳು. ಮಾಹಿತಿ ಹೇಳಿದವರ ಅಂಗಳದಲ್ಲಿ ಒಂದು ಕೌದಿ ಒಣಹಾಕಿತ್ತು. ಹೊಲಿಗೆ ಚಂದವೆಂದು ಹೊಗಳಿದಾಗ, ಒಂದು ಕಣ್ಣಿಗೆ ಪೊರೆ ಬಂದ ವಿಧವೆಯೊಬ್ಬಳು ಹೊಲಿದದ್ದು ಎಂದಿದ್ದರು. ಗುರುತು ಮರೆಸಲು ಬರೆಯುತ್ತ ಕುಳಿತಾಗ ಅದೇ ಅವಳ ಕೈಗೆ ಸಿಕ್ಕಿತ್ತು. ಅಂಥವಳು ನಿಜಕ್ಕೂ ಇದ್ದಾಳೆ, ಮಾತು ಅವಳ ಮೇಲೆ ಬರುತ್ತದೆ ಎಂದು ಆಗ ತೋಚಿರಲಿಲ್ಲ.

ಸಿದ್ದವ್ವನ ಕೌದಿ ಊರಿನ ಪ್ರತಿ ಅಂಗಳದಲ್ಲೂ ಒಣಗುತ್ತಿತ್ತು. “ಹಂಗಾದ್ರ ಹೇಳಿದಾಕಿ ಯಾರು?” ಎಂದು ಹೆಂಗಸರು ಕೇಳಿದರು. ಮಾಲತೇಶ ಅಡ್ಡಬಂದ. “ಹೆಸರು ಹೇಳಂಗಿಲ್ರಿ. ಅದು ಸಂಘದ ನಿಯಮ.”

“ನೋಡಿದ್ರ್ಯಾ?” ಎಂದಳು ಫಕೀರವ್ವ. “ಬದಲ್ ಮಾಡಿ ಬರಿಯೂದ ಇವ್ರ ಕೆಲಸ. ಈಗ ಅಕಿ ಅಲ್ಲ ಅಂದ್ರ ನಾವು ಹ್ಯಾಂಗ ನಂಬೂದು?”

ಸಿದ್ದವ್ವ ಕುಳಿತುಕೊಳ್ಳುತ್ತ, “ಪೂರಾ ಓದವಾ ತಂಗಿ. ನಾ ಏನಂತ ಬೈದೀನಿ, ನಾನೂ ಕೇಳ್ತೀನಿ” ಎಂದಳು.

ರೇಷ್ಮಾ ಒಲ್ಲದ ಮನಸ್ಸಿನಿಂದ ಓದಿದಳು: “ನನ್ನ ಚಂದ್ರೀನ್ನ ಗೂಟಾ ಸೈತ ಒಯ್ದೆಲ್ಲೇ. ಹಾಲು ಕುಡದ ಮನಿಗೆ ಹಿಂಗ ಮಾಡ್ತಾರೇನ?”

ಆ ಊರಿನಲ್ಲಿ ಹಿಂದಿನ ವರ್ಷಗಳ ಪೂರಕ್ಕೆ ಸಿಕ್ಕ ಎಮ್ಮೆಗಳು ಹಲವು. ಗೂಟದ ಸಮೇತ ಹೋದದ್ದು ಒಂದೇ, ಅದು ಫಕೀರವ್ವನದು. ಅದರ ಹೆಸರು ಏನಿತ್ತೆಂದು ರಾಜೇಶ್ವರಿಗೆ ಅಂದಿನವರೆಗೆ ತಿಳಿದಿರಲಿಲ್ಲ. ಆಗ ಸಿದ್ದವ್ವ ನಕ್ಕಳೆಂದು ಪ್ರಭುಲಿಂಗಪ್ಪನವರು ಹೇಳುತ್ತಾರೆ. ನಗಲಿಲ್ಲ, ಸೆರಗನ್ನು ಪೊರೆಗಣ್ಣಿನ ಮೇಲೆ ಎಳೆದುಕೊಂಡಳು ಅಷ್ಟೇ ಎಂಬುದು ರಾಜೇಶ್ವರಿಯ ಮಾತು. ಮರಳುವಾಗ ಫಕೀರವ್ವ ಚಾಲಕನ ಪಕ್ಕದಲ್ಲಿ ಕುಳಿತಳು. ಹಿಂದಿನವರು ದಾರಿಯುದ್ದಕ್ಕೂ ಅವಳ ಬೆನ್ನನ್ನೇ ನೋಡಿದರು. ಆದರೂ ಓದಿದ ಆ ಮಾತಿನಲ್ಲೂ ಏನು ಬದಲಾಗಿದೆಯೋ ಎಂಬ ಅನುಮಾನದಲ್ಲಿ ಯಾರೂ ಅವಳನ್ನು ಹಿಡಿದು ಕೇಳಲಿಲ್ಲ.

ಮರುದಿನ ಹೊಳೆಯ ದಂಡೆಯಲ್ಲಿ ಮರ ಫಕೀರವ್ವನ ಕೈಯಲ್ಲಿತ್ತು. ಸಿದ್ದವ್ವ ಎಲ್ಲರ ಹಿಂದೆ ನಿಂತಿದ್ದಳು. ಉಡಿ ತುಂಬಿದ್ದಾಯಿತು. ಫಕೀರವ್ವ ನೀರಿನ ಮೇಲೆ ಬಾಗಿದಳು, ಹಾಗೆಯೇ ಉಳಿದಳು.

“ಬೈಯವಾ,” ಎಂದಳು ಸಿದ್ದವ್ವ ಹಿಂದಿನಿಂದ. “ಎಲ್ಲಾರಿಗೂ ಕೇಳೂ ಹಂಗ ಬೈ. ನಿನ್ನ ಮನ್ಯಾಗಿಂದು ಹೋದದ್ದರ ಹೆಸರು ಹೇಳಿ ಸುರು ಮಾಡು.”

ನಿನ್ನೆ ಓದಿದ ಮಾತನ್ನೇ ಆಡಬೇಕು, ಇಲ್ಲವೇ ಹೊಳೆಗೆ ಸುಳ್ಳಾಡಬೇಕು. ಫಕೀರವ್ವ ಎರಡನ್ನೂ ಮಾಡಲಾರದೆ ದಂಡೆಯಲ್ಲೇ ಕುಳಿತುಬಿಟ್ಟಳು. ಮರದ ಅಂಚಿನಿಂದ ಅಕ್ಕಿ ಕೆಸರಿಗೆ ಚೆಲ್ಲಿತು.

“ಆ ಬರದಾಕಿ ಒಬ್ಬಾಕೀನ ಕೇಳಿದ್ಲು,” ಎಂದಳು, ಯಾರ ಮುಖವನ್ನೂ ನೋಡದೆ. “ಎಮ್ಮಿ ಹೆಸರೇನಿತ್ತು ಯವ್ವಾ ಅಂತ. ನೀವ್ಯಾರಾದ್ರೂ ಕೇಳಿದ್ರ್ಯಾ? ಹೇಳ್ತಾ ಹೇಳ್ತಾ ಎಲ್ಲಾ ಹೇಳಿಬಿಟ್ನಿ. ಆಮ್ಯಾಲ ಊರ ಮಂದಿ ನಿನ್ನ ಹೆಸರು ತಗೊಂಡ್ರು ಸಿದ್ದೀ. ನಾ ಸುಮ್ನಾದ್ನಿ.”

“ಸುಮ್ನ ಎಲ್ಲಾದಿ? ಎಲ್ಲಾರಕಿಂತ ಜೋರು ನೀನ ಒದರಿದಿ” ಎಂದ ಸಿದ್ದವ್ವ ಬಾಗಿ ಮರವನ್ನು ಅವಳ ಕೈಯಿಂದ ತೆಗೆದುಕೊಂಡಳು. ಯಾರೂ ತಡೆಯಲಿಲ್ಲ. ಮೊದಲ ಬೈಗುಳ ಅವಳದೇ ಆಯಿತು. ಪಿಸುದನಿಯಲ್ಲಲ್ಲ, ದಂಡೆಯ ಮೇಲಿನ ಹೊಲದಲ್ಲಿದ್ದ ಗಂಡಸರು ತಿರುಗಿ ನೋಡುವಷ್ಟು ಜೋರಾಗಿ. ಅವರು ಹೇಗೂ ಕೇಳಿದ್ದಾಗಿತ್ತು.

ಎಂದಿನಂತೆ ಹೆಸರುಗಳನ್ನು ಬದಲಿಸಿ ಬರೆಯಲೇ ಎಂದು ನಾನು ರಾಜೇಶ್ವರಿಯನ್ನು ಕೇಳಿದೆ. “ಬ್ಯಾಡ್ರಿ! ಬದಲ್ ಮಾಡಿದ್ರ ಅದು ಮತ್ತ ಯಾರ ಮನ್ಯಾಗ ಹೋಗಿ ಬೀಳತೈತೋ. ಫಕೀರವ್ವನ್ನೂ ಕೇಳೀನಿ. ಬರೀಲಿ, ಆದ್ರ ಎಮ್ಮಿ ಹೆಸರು ತಪ್ಪಬಾರದು ಅಂದಾಳ.”

ಸಿದ್ದವ್ವ ಅಂದು ಏನೆಂದು ಬೈದಳು, ಆಮೇಲೆ ಹೊಳೆ ಮತ್ತೆ ಏರಿತೇ ಎಂದೂ ಕೇಳಿದೆ. ರಾಜೇಶ್ವರಿ ನನ್ನ ಪೆನ್ನನ್ನು ದಿಟ್ಟಿಸಿದಳು.

“ಅದ್ಯಾಕ ಬೇಕ್ರಿ ನಿಮಗ?”