ಹೊಳೆಯ ಮೇಲಿನ ಊಟ

"ಸೊಪ್ಪಿನ ಪಲ್ಯ ಅಂತ ತಂದಿಡ್ತಾರೆ, ನೀವು ಸೊಪ್ಪೇ ಅಲ್ವಾ ಅಂತ ತಿಂತೀರಾ. ಅದಕ್ಕೂ ಮೀನಿನ ರಸ ಬಿಟ್ಟಿರ್ತಾರೆ," ಎಂದಳು ಸುನಂದ, ಮೈಕನ್ನು ಬಾಯಿಗೆ ಹತ್ತಿರ ಹಿಡಿದು. "ಅವ್ರಿಗೆ ಅದು ನಮ್ಮ ಒಗ್ಗರಣೆ ಇದ್ದಂಗೆ, ಅದಿಲ್ದೆ ಕೈ ಓಡಲ್ಲ. ತಿನ್ನೋರು ತಿನ್ನಿ. ತಿನ್ನದೇ ಇರೋರಿಗೆ ನಮ್ಮ ಅಡುಗೆಯವರು ಅನ್ನ ಸಾರು ಮಾಡ್ತಾರೆ. ಆಮೇಲೆ ಬಾಯಿ ಚಪಲಕ್ಕೆ ಬೀದೀಲಿ ತಿಂದು, ಹೋಟ್ಲು ರೂಮಲ್ಲಿ ಹೊಟ್ಟೆ ಹಿಡ್ಕೊಂಡು ನನ್ನ ಬೈಬೇಡಿ."

ಮಾಲೂರಿನ ಛತ್ರದ ಮಹಡಿಯಲ್ಲಿ ಕೂತಿದ್ದವರೆಲ್ಲ ನಕ್ಕರು. ಮುಂದಿನ ತಿಂಗಳು ಬ್ಯಾಂಕಾಕಿಗೆ ಹೊರಡುವ ತಂಡ ಅದು. ನಿವೃತ್ತ ಮೇಷ್ಟ್ರುಗಳು, ಡೈರಿ ಸೆಕ್ರೆಟರಿ, ಟೊಮೆಟೊ ಮಂಡಿಯವರು, ಎಲ್ಲ ಜೋಡಿ ಜೋಡಿಯಾಗಿ ಬಂದಿದ್ದರು. ಮೊದಲ ಸಲ ವಿಮಾನ ಹತ್ತುವವರನ್ನು ಗುಂಪು ಕಟ್ಟಿಕೊಂಡು ಹೋಗಿ, ಜೋಪಾನವಾಗಿ ವಾಪಸು ತರುವುದೇ ಸುನಂದಳ ಕಸುಬು. ಹೊರಡುವ ಮುಂಚೆ ಹೀಗೆ ಕೂರಿಸಿಕೊಂಡು ಏನು ತಿನ್ನಬೇಕು, ಏನು ನೋಡಬೇಕು ಎಂದು ಬುದ್ಧಿ ಹೇಳದಿದ್ದರೆ ಅವಳಿಗೆ ಸಮಾಧಾನವಿಲ್ಲ. ಹಿಂದಿನ ಸಾಲಿನಲ್ಲಿ ಲಕ್ಕೂರಿನ ಕದಿರಪ್ಪ ಒಬ್ಬನೇ ಕೂತಿದ್ದ. ಅವನು ನಗಲಿಲ್ಲ. ಮೀನಿನ ರಸ ಕಟ್ಟಿಕೊಂಡು ಅವನಿಗೇನಾಗಬೇಕಿತ್ತು?

ಅವನು ಊರು ನೋಡಲು ಹೊರಟವನಲ್ಲ. ಅವನ ಮಗ ಭೀಮರಾಜ್ ಇದೇ ಸುನಂದಳ ಟೂರಿನಲ್ಲಿ ಅಡುಗೆಯವನಾಗಿದ್ದ. ಮದುವೆ ಮನೆಗಳಲ್ಲಿ ಪಾತ್ರೆ ಹಿಡಿದು ಕಲಿತ ಹುಡುಗ, ಕೈರುಚಿ ಒಳ್ಳೆಯದಿತ್ತು. ಹೋದ ವರ್ಷ ಬ್ಯಾಂಕಾಕಿನ ಹೋಟೆಲಿನ ಹಿತ್ತಲಲ್ಲಿ ತಂಡದವರಿಗೆ ಸಾರು ಕಾಯಿಸುತ್ತಿದ್ದವನು ಹಾಗೇ ಕುಸಿದು ಬಿದ್ದ. ಆಸ್ಪತ್ರೆ ಮುಟ್ಟುವ ಮುಂಚೆಯೇ ಉಸಿರು ಹೋಗಿತ್ತು. ಹಾರ್ಟು ಅಂದರು. ಇನ್ನೂ ಮದುವೆಯಾಗದ ಹುಡುಗನಿಗೆ ಎಂಥ ಹಾರ್ಟು, ದೇವರಿಗೇ ಗೊತ್ತು. ಹೆಣ ತರಬೇಕೆಂದರೆ ಹತ್ತಾರು ಕಚೇರಿ ತಿರುಗಬೇಕು, ಬಹಳ ದಿನ ಹಿಡಿಯುತ್ತೆ, ಮುಖ ನೋಡುವ ಹಾಗಿರುವುದಿಲ್ಲ ಎಂದು ಸುನಂದ ಫೋನಿನಲ್ಲಿ ಹೇಳಿದಳು. ಕದಿರಪ್ಪ ಅಂದದ್ದು ಇಷ್ಟೇ: "ಆಯ್ತಮ್ಮ, ಅಲ್ಲೇ ಆಗ್ಲಿ. ಆದ್ರೆ ಸುಡಬೇಡಿ. ನಮ್ಮಲ್ಲಿ ಮಣ್ಣು ಮಾಡೋದು." ಮಾರನೆಯ ದಿನ ಅವಳೇ ಫೋನು ಮಾಡಿ, ಮಣ್ಣು ಮಾಡಿದೆವು, ಎಲ್ಲ ಕ್ರಮವಾಗಿ ಆಯಿತು ಎಂದಿದ್ದಳು.

ಅವರ ಕಡೆ ಸತ್ತವರನ್ನು ಹೂತು, ಮೂರನೆಯ ದಿನ ಆ ಮಣ್ಣಿನ ಮೇಲೆ ಹಾಲು ತುಪ್ಪ ಬಿಡಬೇಕು. ಸತ್ತವನಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಬಡಿಸಿ ಕಾಗೆಗೆ ಕಾಯಬೇಕು. ಹಾಲು ಮಣ್ಣಿಗೆ ಇಳಿದರೇನೇ ಹೋದ ಜೀವದ ದಾಹ ತೀರುವುದು, ಅದು ಮನೆ ಬಾಗಿಲು ಬಿಟ್ಟು ತನ್ನ ದಾರಿ ಹಿಡಿಯುವುದು. ಸಮಾಧಿ ಇಲ್ಲಿ ಇಲ್ಲದ ಮೇಲೆ ಇನ್ನೇನು ಮಾಡುವುದು? ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಮಣ್ಣು ಗುಡ್ಡೆ ಹಾಕಿ, ಅದರ ಮೇಲೆ ಹುಡುಗನ ಫೋಟೋ ಇಟ್ಟು ಹಾಲು ಬಿಟ್ಟರು. ಬಿಸಿಲು ಇಳಿಯುವ ತನಕ ಕಾದರೂ ಒಂದು ಕಾಗೆಯೂ ಬರಲಿಲ್ಲ. "ಅವನಿಲ್ಲಿ ಇದ್ರೆ ತಾನೆ ಬರೋದು," ಎಂದಳು ಕದಿರಪ್ಪನ ಹೆಂಡತಿ ಮುನಿಯಲ್ಲಮ್ಮ. "ಬರೀ ಮಣ್ಣಿಗೆ ಯಾವ ಕಾಗೆ ಬರುತ್ತೆ?"

ಅವತ್ತಿನಿಂದ ಅವಳ ಗಂಟಲಲ್ಲಿ ಅನ್ನ ಇಳಿಯದು. ಮುಸ್ಸಂಜೆಯಾದರೆ ಹೊಸ್ತಿಲ ಹೊರಗೆ ಒಂದು ಚೆಂಬು ನೀರಿಟ್ಟು, "ಕುಡೀ ನಾಯನಾ" ಎಂದು ಕತ್ತಲಿಗೆ ಹೇಳುವಳು. ಒಂದು ವರ್ಷದಲ್ಲಿ ಕೈಬಳೆ ಮೊಣಕೈವರೆಗೆ ಜಾರುವಷ್ಟು ಸೊರಗಿದ್ದಳು. ಡಾಕ್ಟರು ಟಾನಿಕ್ಕು ಬರೆದರು, ದೇವರು ಹೇಳುವವನು ಗಾಳಿ ಸೋಕಿದೆ, ತಡೆ ಒಡೆಸಿ ಅಂದ. ಕದಿರಪ್ಪನಿಗೆ ಮಾತ್ರ ಗೊತ್ತಿತ್ತು, ಆ ಹಾಲು ತುಪ್ಪ ಇಳಿಯಬೇಕಾದ ಕಡೆ ಇಳಿಯದೆ ಇವಳು ಉಳಿಯುವುದಿಲ್ಲ ಎಂದು. ಮಗ ಹೋದ, ಇವಳನ್ನಾದರೂ ಉಳಿಸಿಕೊಳ್ಳಬೇಕು. ಆ ದೇಶಕ್ಕೆ ಹೋಗುವ ಬೇರೆ ದಾರಿ ಅವನಿಗೆ ತಿಳಿಯದು, ಅದಕ್ಕೇ ಟೂರಿಗೆ ಹೆಸರು ಬರೆಸಿದ್ದ. ನೀನೂ ಬಾ ಎಂದರೆ ಮುನಿಯಲ್ಲಮ್ಮ ಒಪ್ಪಿರಲಿಲ್ಲ. "ಆ ಮಣ್ಣು ನೋಡಿದ್ರೆ ನಾನು ಅಲ್ಲಿಂದ ಎದ್ದು ಬರಲ್ಲ. ನೀನೇ ಹೋಗಿ ಬಿಟ್ಟು ಬಾ."

ಹೆಸರು ಬರೆಸಲು ಹೋದಾಗ ಸುನಂದ ತಡವರಿಸಿದ್ದಳು. ಬಿಸಿಲು ಜಾಸ್ತಿ, ನಡಿಗೆ ಜಾಸ್ತಿ, ಈ ವಯಸ್ಸಲ್ಲಿ ಯಾಕೆ ಅಂದಿದ್ದಳು. ಇವನು ಜಗ್ಗದಿದ್ದಾಗ, ಅಲ್ಲಿನ ಗೈಡು ಕರ್ಕೊಂಡು ಹೋಗಿ ತೋರಿಸ್ತಾನೆ ಬಿಡಿ ಎಂದು ಒಪ್ಪಿಕೊಂಡಿದ್ದಳು.

ಈಗ ಅವಳು ದೇವಸ್ಥಾನಗಳ ವಿಷಯಕ್ಕೆ ಬಂದಿದ್ದಳು. ಮಂಡಿ ಕಾಣುವ ಬಟ್ಟೆ ಹಾಕಿದರೆ ಒಳಗೆ ಬಿಡುವುದಿಲ್ಲ. ಬುದ್ಧನ ಕಡೆ ಕಾಲು ಚಾಚಿ ಕೂರಬಾರದು. ಮಲಗಿರುವ ಬುದ್ಧನನ್ನು ನೋಡಲು ಬೆಳಗ್ಗೆಯೇ ಹೋಗಬೇಕು, ಹೊತ್ತೇರಿದರೆ ನೂಕುನುಗ್ಗಲು. ಮಕ್ಕಳು ಮುದ್ದಾಗಿವೆ ಅಂತ ತಲೆ ಸವರಲು ಹೋಗಬಾರದು, ಅವರಿಗಾಗದು. "ಆಟೋದವನು ಬಂದು, ಇವತ್ತು ದೇವಸ್ಥಾನ ಬಾಗಿಲು ಹಾಕಿದೆ, ಬೇರೆ ಕಡೆ ತೋರಿಸ್ತೀನಿ ಅಂತಾನೆ. ನಂಬಬೇಡಿ. ಸೀದಾ ಹರಳಿನ ಅಂಗಡಿಗೆ ಕರ್ಕೊಂಡು ಹೋಗಿ ನಿಲ್ಲಿಸ್ತಾನೆ. ಹೊರದೇಶ್ದಲ್ಲಿ ನಗುನಗ್ತಾ ಮಾತಾಡೋರನ್ನ ನಂಬಬಾರ್ದು." ಸ್ಮಶಾನದ ವಿಷಯ ಯಾವಾಗ ಬರುತ್ತದೋ ಎಂದು ಕದಿರಪ್ಪ ಕಾದೇ ಕಾದ. ಎಲ್ಲರೂ ಹೊಟ್ಟೆ ಬಟ್ಟೆಯ ಪ್ರಶ್ನೆ ಕೇಳುತ್ತಿರುವಾಗ ಅದನ್ನು ಎತ್ತಲು ಸಂಕೋಚವಾಯಿತು. ಎಲ್ಲ ಮುಗಿದ ಮೇಲೆ ಅವಳನ್ನು ಪಕ್ಕಕ್ಕೆ ಕರೆದು ಕೇಳಿದರಾಯಿತು ಎಂದುಕೊಂಡ.

"ಹೋದ ವರ್ಷ ನಮ್ಮ ಜೊತೆ ಬಂದಿದ್ದ ರಾಮಚಂದ್ರಪ್ಪ ಮೇಷ್ಟ್ರು ಊಟದ ಬಗ್ಗೆ ಎರಡು ಮಾತು ಹೇಳ್ತಾರೆ," ಎಂದು ಸುನಂದ ಮೈಕು ಕೊಟ್ಟು, ಕಾಫಿ ಹೇಳಲು ಬಾಗಿಲಿನತ್ತ ನಡೆದಳು.

ಮೇಷ್ಟ್ರು ಎದ್ದು ನಿಂತು, ಮೈಕನ್ನು ಬೆರಳಿನಿಂದ ಕುಟ್ಟಿ ನೋಡಿದರು. ಒಳ್ಳೆಯ ಮನುಷ್ಯರು, ಮುಖ ನೋಡಿದರೇ ಗೊತ್ತಾಗುತ್ತಿತ್ತು. "ನಾನು ಹೇಳೋದು ಒಂದೇ. ಏನು ಬಿಟ್ರೂ ಹೊಳೆ ಮೇಲಿನ ಊಟ ಮಾತ್ರ ಬಿಡಬೇಡಿ. ಸಾಯಂಕಾಲ ದೊಡ್ಡ ದೋಣಿ ಹತ್ತಿಸ್ತಾರೆ. ಮೇಲಿನ ಅಂತಸ್ತಲ್ಲಿ, ಕಂಬಿ ಪಕ್ಕ ಜಾಗ ಹಿಡೀರಿ. ಸೀಬೆಹಣ್ಣನ್ನ ಖಾರ ಸಕ್ಕರೇಲಿ ಅದ್ದಿ ಕೊಡ್ತಾರೆ, ಚೆನ್ನಾಗಿರುತ್ತೆ. ಎರಡೂ ದಡದಲ್ಲಿ ದೇವಸ್ಥಾನಗಳು ದೀಪ ಹಚ್ಕೊಂಡು ನಿಂತಿರ್ತವೆ, ಕಣ್ಣು ಸಾಲದು." ಅವರು ಮೈಕನ್ನು ಇನ್ನೊಂದು ಕೈಗೆ ಬದಲಿಸಿದರು. "ನಮ್ಮ ತಂಡಕ್ಕೆ ಆ ಹೊಳೆ ಬರೀ ಹೊಳೆ ಅಲ್ಲ. ಅಡುಗೆ ಹುಡುಗ ಒಬ್ಬ ತೀರ್ಕೊಂಡ, ಪಾಪ, ಈ ಕಡೆಯವನೇ. ಅಲ್ಲೇ ಒಂದು ದೇವಸ್ಥಾನದಲ್ಲಿ ದಹನ ಆಯ್ತು. ಬೂದಿ ನಾವೇ ಇಸ್ಕೊಂಡು, ಆ ದೋಣಿ ಹಿಂದುಗಡೆ ನಿಂತು, ನನ್ನ ಕೈಯಿಂದಲೇ ಹೊಳೆಗೆ ಬಿಟ್ಟೆ. ನಮ್ಮಾಕೆ ಗಂಗಾಜಲದ ಸೀಸೆ ತಂದಿದ್ಲು, ಅದನ್ನೂ ಹುಯ್ದಳು. ಅನಾಥ ಹೆಣ ಆಗೋಕೆ ಬಿಡಲಿಲ್ಲ ನಾವು. ಹೋದಾಗ ನೀವೂ ಅಲ್ಲಿ ಒಂದು ಹೂವು ಬಿಡಿ."

ಅಯ್ಯೋ ಪಾಪ ಎಂದು ಹೆಂಗಸರು ಲೊಚಗುಟ್ಟಿದರು. ಯಾವ ಹುಡುಗ ಎಂದು ಕದಿರಪ್ಪ ಒಂದು ಗಳಿಗೆ ಯೋಚಿಸಿದ. ಇನ್ಯಾವನೋ ಇರಬಹುದು, ಬೇರೆ ತಂಡದ ಅಡುಗೆಯವನು ಇರಬಹುದು. ಅಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಸುನಂದಳ ಮುಖ ಕಣ್ಣಿಗೆ ಬಿತ್ತು. ರಕ್ತವೇ ಇಲ್ಲದಂತಾಗಿದ್ದ ಆ ಮುಖ ಇವನನ್ನೇ ನೋಡುತ್ತಿತ್ತು. ಇನ್ನು ಯಾರೂ ಏನೂ ಹೇಳಬೇಕಾಗಿರಲಿಲ್ಲ. ಕದಿರಪ್ಪ ಮುಂದಿನ ಕುರ್ಚಿ ಹಿಡಿದುಕೊಂಡು ಎದ್ದ.

"ಯಜಮಾನ್ರೇ, ಏನಾದ್ರೂ ಕೇಳ್ಬೇಕಾ?" ಎಂದರು ಮೇಷ್ಟ್ರು.

ಎಲ್ಲರೂ ತಿರುಗಿ ನೋಡಿದರು. "ಏನಿಲ್ಲ ಸಾಮಿ," ಎಂದ ಕದಿರಪ್ಪ. "ಆ ಹುಡುಗನ ಬೂದಿ ಪೂರ್ತಿ ಬಿಟ್ರಾ? ಒಂಚೂರೂ ಉಳಿಸ್ಲಿಲ್ವಾ?"

"ಪೂರ್ತಿ ಬಿಟ್ವಿ, ಮಡಕೆ ಸಮೇತ. ಉಳಿಸ್ಕೋಬಾರ್ದಲ್ಲ."

"ಸರಿ ಸಾಮಿ. ನಿಮ್ಮಿಂದ ಉಪಕಾರ ಆಯ್ತು," ಎಂದು ಕೈಮುಗಿದು ಕದಿರಪ್ಪ ಹೊರಟ.

ಮೆಟ್ಟಿಲ ಕೆಳಗೆ ಸುನಂದ ಓಡಿಬಂದು ಅಡ್ಡ ನಿಂತಳು. "ಕದಿರಪ್ಪಣ್ಣ, ಒಂದು ನಿಮಿಷ. ನಾನು ಅವತ್ತು ನಿಮ್ಮ ಮಾತು ಅಲ್ಲಿನ ಆಸ್ಪತ್ರೆಯವ್ರಿಗೆ ಹೇಳ್ದೆ ಅಣ್ಣ. ಹಿಂದೂ ಅಂದ ತಕ್ಷಣ ಸುಡೋದು ಅಂತಲೇ ಅವ್ರು ತಿಳ್ಕೊಂಡ್ರು. ನಮ್ಮಲ್ಲಿ ಹೂಳೋರೂ ಇದ್ದೀವಿ ಅಂತ ಅವ್ರಿಗೆ ಅರ್ಥ ಆಗೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ಇಲ್ಲಿ ಫೋನು ಮಾಡಿದ್ರೆ ಅಕ್ಕ ತಗೊಂಡ್ರು. ಮಣ್ಣು ಮಾಡಿದ್ರೇನಮ್ಮಾ, ನನ್ ಕೂಸಿಗೆ ಬೆಂಕಿ ಇಡ್ಲಿಲ್ಲ ತಾನೆ ಅಂತ ಅಳ್ತಾ ಕೇಳಿದ್ರು. ಹೂಂ ಅಕ್ಕ ಅಂದ್ಬಿಟ್ಟೆ."

"ನಾನು ಬಂದಿದ್ರೆ ಏನು ತೋರಿಸ್ತಿದ್ದೆ?"

ಸುನಂದ ಸೆರಗಿನ ತುದಿ ಹಿಂಡಿದಳು. "ಅಲ್ಲಿ ಹೂಳೋ ಜಾಗಗಳೂ ಇವೆ. ಗೈಡಿಗೆ ಹೇಳಿದ್ದೆ, ಹೆಸರಿಲ್ದೇ ಇರೋ ಸಮಾಧಿ ಒಂದು ನೋಡಿಡು ಅಂತ."

"ಯಾರ ಮಗನ ಮೇಲೋ ಹಾಲು ಹುಯ್ದು ಬರ್ತಿದ್ನಲ್ಲಮ್ಮ ನಾನು."

ಅವಳು ಅತ್ತಳು. ಕದಿರಪ್ಪನಿಗೆ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅದರ ಹಿಂದೆಯೇ, ಇವಳು ಅವತ್ತು ಸುಟ್ಟೆವು ಅಂದಿದ್ದರೆ ಮುನಿಯಲ್ಲಮ್ಮ ಅವತ್ತೇ ಹೋಗುತ್ತಿದ್ದಳಲ್ಲ ಎಂದೂ ಅನ್ನಿಸಿತು. ಅವನು ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಲಕ್ಕೂರಿನ ಬಸ್ಸಿನಲ್ಲಿ ಕೂತಾಗ ಅವನು ಒಂದು ತೀರ್ಮಾನಕ್ಕೆ ಬಂದ. ಹೇಳಿಬಿಡಬೇಕು. ಹೆತ್ತ ತಾಯಿಗೆ ಎಷ್ಟು ದಿನ ಮುಚ್ಚಿಡುವುದು? ಬೆಂಕಿಗೆ ಕೊಟ್ಟರು, ನೀರಿಗೆ ಬಿಟ್ಟರು, ಮಣ್ಣಿಲ್ಲ, ಹಾಲು ಬಿಡಲು ಜಾಗವಿಲ್ಲ. ಅಳಲಿ, ಎದೆ ಬಡಿದುಕೊಳ್ಳಲಿ, ನಾನು ಪಕ್ಕದಲ್ಲಿರುತ್ತೇನೆ. ಕಿಟಕಿಯಾಚೆ ಇಟ್ಟಿಗೆ ಗೂಡುಗಳು, ನೀಲಗಿರಿ ತೋಪುಗಳು ಹಿಂದೆ ಸರಿಯುತ್ತಿದ್ದರೆ ಅವನು ಹೇಳಬೇಕಾದ ಮಾತನ್ನು ಮತ್ತೆ ಮತ್ತೆ ಜೋಡಿಸಿಕೊಂಡ. ಹೇಗೆ ಜೋಡಿಸಿದರೂ ಕೊನೆಗೆ ಬರುವುದು ಅವಳ ಆ ಸೊರಗಿದ ಮೋರೆಯೇ. ಅವಳು ತಡೆದುಕೊಳ್ಳುತ್ತಾಳೆಂಬ ನಂಬಿಕೆ ಅವನಿಗಿರಲಿಲ್ಲ.

ಮನೆಯಲ್ಲಿ ಮಗಳು ಅನಿತ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು. ಅಮ್ಮನಿಗೆ ಮೈ ಸರಿಯಿಲ್ಲವೆಂದು ಗಂಡನ ಮನೆಯಿಂದ ಬಂದವಳು. ಮುನಿಯಲ್ಲಮ್ಮ ಜಗಲಿ ಮೇಲೆ ಕೂತು ದಾರಿ ಕಾಯುತ್ತಿದ್ದಳು. ಅವನು ಟವೆಲು ಕೊಡವಿ ಕೂರುವ ಮುಂಚೆಯೇ ಕೇಳಿದಳು.

"ಎಲ್ಲಿ ಅಂತ ಹೇಳಿದ್ಲಾ?"

"ಹೇಳಿದ್ಲು," ಎಂದ ಕದಿರಪ್ಪ. "ಹೊಳೆ ಇದೆಯಂತೆ ಅಲ್ಲಿ. ದೊಡ್ಡ ಹೊಳೆ."

"ಹೊಳೆ ಪಕ್ಕಾನಾ?" ಅವಳು ಸ್ವಲ್ಪ ಮುಂದಕ್ಕೆ ಬಾಗಿದಳು. "ಹಂಗಾದ್ರೆ ತಂಪಿರುತ್ತೆ. ನೆರಳಿದೆಯಂತಾ?"

ಇಲ್ಲ ಎನ್ನಲು ಬಾಯಿ ತೆರೆದ. ಅವಳು ಅವನ ಬಾಯನ್ನೇ ನೋಡುತ್ತಿದ್ದಳು, ಹಸಿದ ಮಗು ಕೈತುತ್ತನ್ನು ನೋಡುವ ಹಾಗೆ. "ಇದೆ," ಎಂದ. "ಮರ ಇದೆ. ಹಳೇ ಮರ."

"ಯಾವ ಮರ?"

"ಹೊಂಗೆ ತರದ್ದು."

"ಆ ದೇಶದಲ್ಲೂ ಹೊಂಗೆ ಇದೆ ನೋಡು," ಎಂದಳು ಮುನಿಯಲ್ಲಮ್ಮ. ಕದಿರಪ್ಪ ನೆಲ ನೋಡುತ್ತ, ಈಗ ಹೇಳುತ್ತೇನೆ, ಇವಳು ಇನ್ನೊಂದು ಮಾತಾಡುವ ಮುಂಚೆ ಹೇಳುತ್ತೇನೆ ಎಂದುಕೊಂಡ. ಅವಳು ಮೊಣಕಾಲಿಗೆ ಕೈಯೂರಿ ಎದ್ದು ಒಳಗೆ ಹೋದಳು. ತಟ್ಟೆಯ ಸದ್ದಾಯಿತು. ಬಾಗಿಲಿನಿಂದ ಇಣುಕಿದರೆ ಒಲೆ ಮುಂದೆ ಕೂತು, ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗುತ್ತಿದ್ದಳು. ಅನಿತ ಸೊಪ್ಪಿನ ಕೈಯಲ್ಲೇ ಬಂದು ಅಪ್ಪನ ಪಕ್ಕ ನಿಂತಳು, ಅಮ್ಮ ಉಣ್ಣುವುದನ್ನು ಕಂಡು ಅವಳ ಕಣ್ಣು ತುಂಬಿತ್ತು.

"ನಾನೂ ಬರ್ತೀನಿ," ಎಂದಳು ಮುನಿಯಲ್ಲಮ್ಮ, ತಟ್ಟೆಯಿಂದ ತಲೆಯೆತ್ತದೆ. "ಅದ್ಯಾವ ಬೆಂಗಾಡಲ್ಲಿ ಹಾಕಿದ್ದಾರೋ ಅಂತ ಭಯ ಇತ್ತು ನಂಗೆ. ಮರ ಇದೆ, ನೀರಿದೆ ಅಂದ್ಮೇಲೆ ನೋಡ್ತೀನಿ. ನಾನೇ ನನ್ ಕೈಯಾರ ಬಿಡ್ತೀನಿ. ಹುಳ ಅನಿತ ನೋಡ್ಕೊಳ್ತಾಳೆ. ಸುನಂದಮ್ಮಂಗೆ ಫೋನು ಮಾಡಿ ಇನ್ನೊಂದು ಹೆಸರು ಬರ್ಕೊಳಕ್ಕೆ ಹೇಳು."

"ನಡಿಗೆ ಜಾಸ್ತಿ ಕಣೇ," ಎಂದ ಕದಿರಪ್ಪ. "ಬಿಸಿಲು ಬೇರೆ."

"ನೀನು ನಡೀತೀಯಲ್ಲ, ನಿನ್ ಹಿಂದೆ ನಡೀತೀನಿ."

ಅನಿತ ಅಪ್ಪನ ಮುಖ ನೋಡಿದಳು. ಅವನು ಅವಳತ್ತ ನೋಡಲಿಲ್ಲ. ಮುನಿಯಲ್ಲಮ್ಮ ಕೈ ತೊಳೆದು ಬಂದು ಟ್ರಂಕಿನ ಮುಚ್ಚಳ ಎತ್ತಿದಳು. ಪಾಸ್‌ಪೋರ್ಟಿಗೆ ಫೋಟೋ ಬೇಕಲ್ಲ, ನಾಳೆ ಮಾಲೂರಿಗೆ ಹೋಗಿ ತೆಗೆಸಿದರಾಯಿತು, ನೀನು ತೆಗೆಸಿದ್ದೆಯಲ್ಲ ಆ ಅಂಗಡಿಯಲ್ಲೇ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತ ಒಂದೊಂದೇ ಸೀರೆ ಎತ್ತಿ ನೋಡಿ ಪಕ್ಕಕ್ಕಿಟ್ಟಳು. ಕೊನೆಗೆ ಒಂದನ್ನು ಎದೆಗೆ ಹಿಡಿದುಕೊಂಡು ಗಂಡನ ಕಡೆ ತಿರುಗಿದಳು.

"ಇದು ಆಗುತ್ತಾ?"

"ಆಗುತ್ತೆ," ಎಂದ ಕದಿರಪ್ಪ.

ಅವಳು ಸೀರೆಯನ್ನು ಅಂಗಳಕ್ಕೆ ತಂದು ಒಮ್ಮೆ ಜೋರಾಗಿ ಒದರಿದಳು. ಮಡಿಕೆಯ ಗೆರೆ ಹೋಗಲೆಂದು ಅದನ್ನು ಹಗ್ಗದ ಮೇಲೆ ಉದ್ದಕ್ಕೆ ಹರವಿ, ಎರಡೂ ಅಂಚನ್ನು ಕೈಯಿಂದ ಎಳೆದೆಳೆದು ಸಮ ಮಾಡತೊಡಗಿದಳು.