ಮೇಲಿನ ಮನೆಯ ಹೀಟರ್

ವಾರಗಿತ್ತಿಯ ಮನೆಯ ಕರೆಂಟಿನ ಕಂತು ನಮ್ಮದಕ್ಕಿಂತ ಕಡಿಮೆ ಎಂದು ಗೊತ್ತಾದ ದಿನದಿಂದ ನನಗೆ ಅನ್ನ ಸೇರಲಿಲ್ಲ. ಅವಳು ನನ್ನ ಮೈದುನನ ಹೆಂಡತಿ, ಈ ಚಳಿ ದೇಶಕ್ಕೆ ಬಂದರೂ ಇರುವುದು ನಮ್ಮ ತಲೆಯ ಮೇಲಿನ ಮಹಡಿಯಲ್ಲೇ. ನಮ್ಮಷ್ಟೇ ಕೋಣೆ, ನಮ್ಮಷ್ಟೇ ಕಿಟಕಿ. ಹೊಲಿಗೆ ಮಷೀನು ಬೇರೆ ಇಟ್ಟುಕೊಂಡಿದ್ದಾಳೆ. ಯಾವಾಗ ಹತ್ತಿ ಹೋದರೂ ಮನೆ ಬೆಚ್ಚಗಿರುತ್ತದೆ. ಆದರೂ ತಿಂಗಳು ತಿಂಗಳು ಬ್ಯಾಂಕಿನಿಂದ ತಾನಾಗಿ ಕಡಿತವಾಗುವ ದುಡ್ಡು ಅವಳದೇ ಕಡಿಮೆ!

"ನಮಗೆ ಅಷ್ಟೊಂದೆಲ್ಲ ಹೋಗಲ್ಲ ಅಕ್ಕ" ಎಂದು ಬಟ್ಟೆ ಒಣಹಾಕುತ್ತ ಅಂದಳು. ಹೊಟ್ಟೆ ಉರಿದುಹೋಯಿತು.

ನೋಡಿಯೇ ಬಿಡೋಣ ಎಂದು ಹಟ ಹಿಡಿದೆ. ನಡುಮನೆಯ ಹೀಟರ್ ಆರಿಸಿದೆ. ಮುಂದಿನ ತಿಂಗಳು ಬ್ಯಾಂಕಿನ ಮೆಸೇಜು ಬಂತು, ಒಂದು ಕಾಸೂ ಇಳಿದಿರಲಿಲ್ಲ. ಮಗಳ ಕೋಣೆಯದನ್ನೂ ಆರಿಸಿದೆ. ಮತ್ತೆ ಅದೇ ಮೊತ್ತ. ಬಿಸಿನೀರಿಗೂ ಕತ್ತರಿ ಹಾಕಿದೆ. ಗಂಡ ರಗ್ಗು ಹೊದ್ದು ಮೂಟೆಯ ಹಾಗೆ ಕೂತು, "ಇದು ಮನೇನೋ ಫ್ರಿಜ್ಜೋ?" ಎಂದರು.

"ಫ್ರಿಜ್ಜೂ ನಿಮ್ಮ ತಮ್ಮನ ಮನೇದೇ ದೊಡ್ಡದು" ಎಂದೆ.

ಅಷ್ಟರಲ್ಲಿ ಮಗಳು ದಿನಾ ಶಾಲೆಯಿಂದ ಬಂದವಳೇ ಪುಸ್ತಕ ಹೊತ್ತು ಮೇಲಕ್ಕೆ ಓಡತೊಡಗಿದಳು. "ಚಿಕ್ಕಮ್ಮ ಲೆಕ್ಕ ಚೆನ್ನಾಗಿ ಹೇಳಿಕೊಡ್ತಾರೆ ಕಣಮ್ಮ" ಎಂದಳು. ಬರಬರುತ್ತ ಊಟವೂ ಅಲ್ಲೇ ಆಯಿತು. ಕಂತೂ ಅವಳದೇ ಕಡಿಮೆ, ಇನ್ನು ನನ್ನ ಮಗಳೂ ಅವಳಿಗೇ ಬೇಕು ಎಂದು ಹಲ್ಲು ಕಡಿದೆ.

ವರ್ಷದ ಬಿಲ್ಲು ಎರಡೂ ಮನೆಗೆ ಒಂದೇ ದಿನ ಬಂತು. ನಮ್ಮದನ್ನು ಓದಿ ಗಂಡ ಹಣೆ ಚಚ್ಚಿಕೊಂಡರು.

"ತಿಂಗಳು ತಿಂಗಳು ಹೋಗೋದು ಅಂದಾಜಿನ ದುಡ್ಡು ಕಣೇ. ಹೋದ ವರ್ಷ ಎಷ್ಟು ಸುಟ್ಟಿದ್ದೀವೋ ಅದನ್ನ ಹನ್ನೆರಡು ಪಾಲು ಮಾಡಿರ್ತಾರೆ. ನೀನು ಆರಿಸಿದ್ರೂ ಅಷ್ಟೇ, ಉರಿಸಿದ್ರೂ ಅಷ್ಟೇ. ವರ್ಷದ ಕೊನೇಲಿ ಮೀಟರ್ ನೋಡಿ ಸರಿ ಮಾಡ್ತಾರೆ. ನಮ್ಮ ದುಡ್ಡು ಕರೆಂಟ್ ಕಂಪನಿ ಹತ್ರ ಸಿಕ್ಕಾಪಟ್ಟೆ ಉಳಿದಿದೆ ನೋಡು."

"ಮತ್ತೆ ಅವಳದು ಯಾಕೆ ಕಡಿಮೆ?"

"ಹೋದ ವರ್ಷ ಇಬ್ಬರೂ ದಿನವೆಲ್ಲ ಹೊರಗೆ ಕೆಲಸಕ್ಕೆ ಹೋಗ್ತಿದ್ರಲ್ಲ. ಈ ಸಲ ಅವರು ಬಾಕಿ ತುಂಬಬೇಕಂತೆ, ತಮ್ಮ ಫೋನ್ ಮಾಡಿದ್ದ."

ನಡುಗಿ ನಡುಗಿ ಕಳೆದ ಚಳಿಯೆಲ್ಲ ಮರೆತೇಹೋಯಿತು. ನಮ್ಮ ಬಿಲ್ಲು ಹಿಡಿದು ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದೆ. ಮಗಳು ಹೀಟರ್ ಪಕ್ಕ ಬೋರಲು ಮಲಗಿ ಬರೆಯುತ್ತಿದ್ದಳು.

"ನಿಮ್ಮದು ಬಾಕಿ ಬಂತಂತೆ?" ಎಂದೆ, ದನಿಯಲ್ಲಿ ಆದಷ್ಟು ಮರುಕ ತುಂಬಿ.

"ಹೂಂ ಅಕ್ಕ" ಎಂದು ವಾರಗಿತ್ತಿ ನಕ್ಕಳು. "ನಮಗಿಬ್ಬರಿಗೆ ಒಂದು ಕೋಣೆ ಕಾಯಿಸಿದ್ರೆ ಸಾಕಿತ್ತು. ಪುಟ್ಟಿ ಬರೋಕೆ ಶುರುಮಾಡಿದ ಮೇಲೆ ಈ ಕೋಣೇಲೂ ಹಾಕ್ತೀನಿ. ಬಂದಾಗ ಬೆರಳು ಸೆಟೆದಿರುತ್ತೆ, ಪಾಪ, ಪೆನ್ನು ಹಿಡಿಯೋಕಾಗಲ್ಲ."

ಕೈಯಲ್ಲಿದ್ದ ಬಿಲ್ಲನ್ನು ಮಡಿಸಿದೆ. "ಆ ಬಾಕಿ ನಾನು ಕೊಡ್ತೀನಿ" ಎಂದೆ.

"ಬೇಡ ಅಕ್ಕ. ಇವಳು ಬರ್ತಾಳಲ್ಲ, ನನಗೆ ಅಷ್ಟು ಸಾಕು."

ಆ ಮಾತಿಗೆ ಹೊತ್ತಿದ ಕಿಚ್ಚಿನ ಮುಂದೆ ಇಷ್ಟು ದಿನದ ಹೊಟ್ಟೆಕಿಚ್ಚು ಏನೇನೂ ಅಲ್ಲ. "ಬಾರೇ ಕೆಳಗೆ" ಎಂದು ಮಗಳನ್ನು ಕರೆದೆ. ಅವಳು ತಲೆ ಎತ್ತದೆ, "ಇದೊಂದು ಲೆಕ್ಕ ಮುಗಿಸಿ ಬರ್ತೀನಮ್ಮ" ಎಂದಳು.

ಕೆಳಗಿಳಿದು ಇದ್ದಬದ್ದ ಹೀಟರುಗಳನ್ನೆಲ್ಲ ಹಾಕಿದೆ. ಮನೆ ಕಾಯಿತು. ಮೇಲೆ ಇಬ್ಬರೂ ಯಾವುದಕ್ಕೋ ನಗುತ್ತಿದ್ದರು. ನಾನು ಎದ್ದು ಮುಂಬಾಗಿಲು ಪೂರ್ತಿ ತೆರೆದಿಟ್ಟೆ.

"ಬಾಗಿಲು ಹಾಕೇ, ಕಾವೆಲ್ಲ ಹೊರಗೆ ಹೋಗುತ್ತೆ" ಎಂದರು ಗಂಡ.

"ಹೋಗ್ಲಿ" ಎಂದೆ. "ಮೆಟ್ಟಿಲ ತನಕ ಬೆಚ್ಚಗಾದ್ರೆ ಇಳಿದು ಬರ್ತಾಳೇನೋ."