ಒಂಟೆಮರಿಯ ಹಾಡು

"ಬಿಗಿಯಾಗಿ ಎಳೀಲಾ, ಸಡಿಲ ಬಿಟ್ರೆ ದಾರೀಲೇ ವಾಲ್ತದೆ," ಎಂದು ಹನುಮಯ್ಯ ಗದರಿದಾಗ ಸಿದ್ಧಾರ್ಥ ಚಟ್ಟದ ಹಗ್ಗವನ್ನು ಇನ್ನೊಂದು ಸುತ್ತು ಸುತ್ತಿ ಎಳೆದ. ಚಟ್ಟದ ಮೇಲೆ ಅವನ ಅವ್ವ ಸಣ್ಣತಾಯಮ್ಮ ಮಲಗಿದ್ದಳು. ಹಗ್ಗ ಅವಳಿಗೆ ಒತ್ತೀತು ಅನ್ನಿಸಿ ಅವನು ಗಂಟಿನಡಿಗೆ ತನ್ನ ಬೆರಳು ತೂರಿಸಿ ಹಿಡಿದ.

ಸೋದರಮಾವ ಹನುಮಯ್ಯನದು ಹದ್ದಿನ ಕಣ್ಣು. "ಶುರು ಹಚ್ಕೋಬ್ಯಾಡ. ಅಳಾಕೆ ಹೆಂಗಸ್ರು ಅವ್ರೆ. ನೀನು ಗಂಡ್ಸು. ನಾಕ್ ಜನ ನೋಡ್ತಾವ್ರೆ."

ಸಿದ್ಧಾರ್ಥ ಅಳಲಿಲ್ಲ. ಹತ್ತು ವರ್ಷದಿಂದ ಅತ್ತವನೇ ಅಲ್ಲ. ಅರಸೀಕೆರೆ ಜಂಕ್ಷನ್ನಿನಲ್ಲಿ ಮೈಕು ಹಿಡಿದು ರೈಲುಗಳ ಹೊತ್ತು ಹೇಳುವುದು ಅವನ ಕೆಲಸ. ಯಾವ ರೈಲು ಬರಲಿ ಹೋಗಲಿ, ದನಿ ಒಂದೇ ಸಮ. ಆ ಗಟ್ಟಿತನ ತಾನು ಕಲಿಸಿದ್ದು ಎಂದು ಹನುಮಯ್ಯ ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದ.

ಅಷ್ಟರಲ್ಲಿ ಹಗರೆಯಿಂದ ಬಂದ ಮುದುಕಿ ಗುರುಸಿದ್ದಮ್ಮ ಜನರನ್ನು ಸರಿಸಿಕೊಂಡು ಬಂದು ಸಿದ್ಧಾರ್ಥನ ಗಲ್ಲ ಹಿಡಿದಳು.

"ಒಂಟೆಮರಿ ಅಲ್ವೇನೋ ನೀನು? ಎಷ್ಟೆತ್ರ ಬೆಳ್ದಿದ್ದೀಯಪ್ಪಾ! ನಿಮ್ಮವ್ವ ನಮ್ಮೂರ್ಗೆ ಟೀವಿ ತಂದಾಗ ನೀನ್ ಹಾಡಿದ್ನ ನಾನಿನ್ನೂ ಮರ್ತಿಲ್ಲ ಕಣೋ. ಹಾಡ್ದೇ ಕಳಿಸ್ತೀಯಾ ಅವಳ್ನ?"

"ಸಾವಿನ ಮನೇಲಿ ಟೀವಿ ಸುದ್ದಿ ಯಾಕಮ್ಮಾ? ಅತ್ಲಾಗ್ ಕೂತ್ಕಳಿ," ಎಂದ ಹನುಮಯ್ಯ.

*

ಗಂಡ ಸತ್ತ ಮೇಲೆ ಸಣ್ಣತಾಯಮ್ಮ ಅವನು ಪಿಚ್ಚರ್ ತೋರಿಸುತ್ತಿದ್ದ ಟೀವಿ, ಕ್ಯಾಸೆಟ್ಟು ಹಾಕುವ ವಿಸಿಪಿಗಳನ್ನು ತಾನೇ ಬಸ್ಸಿಗೇರಿಸಿಕೊಂಡು ಊರೂರು ಸುತ್ತಿದಳು. ಹೆಂಗಸು ಪಿಚ್ಚರ್ ತೋರಿಸುವುದುಂಟೇ ಎಂದು ಮೂಗು ಮುರಿದವರ ಮಕ್ಕಳೇ ಮುಂದಿನ ಸಾಲಿನಲ್ಲಿ ಕೂತಿರುತ್ತಿದ್ದರು. ಅವಳ ಹತ್ತಿರ ಒಂದು ಕಾರ್ಟೂನು ಕ್ಯಾಸೆಟ್ಟಿತ್ತು, ಮಾತಿಗಿಂತ ಹಾಡೇ ಹೆಚ್ಚು. ಅದರ ಇಂಗ್ಲಿಷು ಯಾರ ತಲೆಗೂ ಹತ್ತುತ್ತಿರಲಿಲ್ಲ, ಅವಳ ತಲೆಗೂ. ಹಾಗೆಂದು ಕೈಕಟ್ಟಿ ಕೂರುವ ಜೀವವಲ್ಲ ಅದು. ಟೀವಿಯ ಸೌಂಡು ಪೂರ್ತಿ ಇಳಿಸಿ, ಮೈಕು ಹಿಡಿದು, ತಾನೇ ಕನ್ನಡದಲ್ಲಿ ಪದ ಕಟ್ಟಿ ಹಾಡಿದಳು. ತಾಯಿ ಒಂಟೆ ಅವಳು, ಮರಿ ಸಿದ್ಧಾರ್ಥ.

ಕತೆ ಇಷ್ಟೇ. ಮರಳುಗಾಳಿಯಲ್ಲಿ ಒಂಟೆಮರಿ ತಾಯಿಯಿಂದ ತಪ್ಪಿಹೋಗುತ್ತದೆ. ಗಂಡಾದವನು ಭಾರ ಹೊರಬೇಕು, ಬಾಯಿ ಬಿಡಬಾರದು ಎಂದು ದೊಡ್ಡ ಗಂಡೊಂಟೆಗಳು ಸಾಲಾಗಿ ನಿಂತು ಅದಕ್ಕೆ ಬುದ್ಧಿ ಹಾಡುತ್ತವೆ. ಮರಿ ಬಾಯಿ ಮುಚ್ಚಿಕೊಂಡಷ್ಟು ಹೊತ್ತೂ ತಾಯಿ ಬೇರೆ ದಿಕ್ಕಿನಲ್ಲೇ ಹುಡುಕುತ್ತದೆ. ಕೊನೆಗೆ ಮರಿ ತಡೆಯಲಾರದೆ ಅಳುತ್ತಾ ಹಾಡುತ್ತದೆ:

"ಅವ್ವಾ ಅವ್ವಾ ಎಲ್ಲಿದ್ದೀಯೇ, ಕಣ್ಣಿಗೆ ಮರಳು ಬಿದ್ದೈತೆ."

ತಾಯಿ ಉತ್ತರ ಕೊಡುತ್ತದೆ: "ಅಳ್ತಾ ಇರು ನನ್ನ ಕಂದಾ, ದನಿ ಹಿಡ್ಕಂಡು ಬತ್ತೀನಿ."

ಗಂಡಸಿ ಊರಿನ ಶಾಲೆಯಲ್ಲಿ ಒಂದು ಮಧ್ಯಾಹ್ನ, ಕಿಟಕಿಗಳಿಗೆ ಕಂಬಳಿ ಕಟ್ಟಿ ಆಟ ನಡೆದಿತ್ತು. ಸಿದ್ಧಾರ್ಥನಿಗೆ ಹದಿಮೂರು, ಗಂಟಲು ಒಡೆಯುವ ಕಾಲ. ಹಾಡು ಅರ್ಧವಾಗಿತ್ತು, ಒಳಗೆ ನುಗ್ಗಿದ ಹನುಮಯ್ಯ ಅವನ ಕೈಯಿಂದ ಮೈಕು ಕಿತ್ತುಕೊಂಡ.

"ಮೀಸೆ ಮೂಡೋ ಹೊತ್ನಾಗೆ ಊರ್ ಮುಂದೆ ಅವ್ವಾ ಅವ್ವಾ ಅಂತ ಗೋಳಾಡ್ತೀಯೇನ್ಲಾ? ಮಾನ ಕಳೀತೀಯಲ್ಲೋ!"

ಮುಂದಿನ ಸಾಲು ಘೊಳ್ಳೆಂದು ನಕ್ಕಿತು. ಸಣ್ಣತಾಯಮ್ಮ ಮೈಕನ್ನು ವಾಪಸ್ಸು ಕಿತ್ತುಕೊಂಡಳು. "ಅಣ್ಣಾ, ಮರಿ ಅಳ್ದೇ ಇದ್ರೆ ಅದೆಲ್ಲೈತೆ ಅಂತ ಅವ್ವಂಗೆ ಹೆಂಗ್ ಗೊತ್ತಾಯ್ತದೆ?"

ಅವಳು ಚಾಚಿದ ಮೈಕನ್ನು ಸಿದ್ಧಾರ್ಥ ಮುಟ್ಟಲಿಲ್ಲ. ಆಮೇಲೆ ತಾಯಿ, ಮರಿ ಎರಡನ್ನೂ ಅವಳೊಬ್ಬಳೇ ಹಾಡಿದಳು. ಮರಿಯ ಸರದಿ ಬಂದಾಗಲೆಲ್ಲ ಒಮ್ಮೆ ಮಗನ ಕಡೆ ನೋಡುತ್ತಿದ್ದಳು. ಅವನು ತಲೆ ತಗ್ಗಿಸಿ ಕ್ಯಾಸೆಟ್ಟು ಜೋಡಿಸುತ್ತಿದ್ದ. ಮನೆಮನೆಗೂ ಟೀವಿ ಬಂದು ಅವಳ ತಿರುಗಾಟ ನಿಲ್ಲುವ ತನಕ ಇದು ಹೀಗೇ ನಡೆಯಿತು. ಒಂದು ಸಲವಾದರೂ ಹಾಡಬಹುದಿತ್ತು. ಹಾಡಲಿಲ್ಲ.

*

ಮಸಣ ತಲುಪಿದ ಮೇಲೆ ತಮಟೆ ನಿಂತಿತು. ಸಣ್ಣತಾಯಮ್ಮನನ್ನು ಗುಂಡಿಗಿಳಿಸಿ ಗಂಡಸರು ಸುತ್ತ ನಿಂತರು. ಮೊದಲ ಹಿಡಿ ಮಣ್ಣು ಮಗನದು, ಅವನು ಹಾಕುವ ತನಕ ಇನ್ಯಾರೂ ಹಾಕುವಂತಿಲ್ಲ. ಎಲ್ಲರೂ ಹಿಡಿ ಮಣ್ಣೆತ್ತಿಕೊಂಡು ಕಾದರು.

"ಹಾಕ್ಲಾ," ಎಂದ ಹನುಮಯ್ಯ.

ಸಿದ್ಧಾರ್ಥ ಮಣ್ಣು ಹಿಡಿದೇ ನಿಂತಿದ್ದ. "ಹಾಕಲ್ಲ ಮಾವ. ನಂದೊಂದು ಹಾಡು ಬಾಕಿ ಐತೆ."

"ಏನ್ಲಾ ಅಂದೆ?"

"ಕಿತ್ಕಳಕ್ಕೆ ಇವತ್ತು ಮೈಕೂ ಇಲ್ಲ."

ಹಾಡಿದ. ರೈಲಿನ ಹೊತ್ತು ಹೇಳುವ ದನಿಯಲ್ಲ ಅದು. ಒಡಕು ದನಿ, ಶ್ರುತಿ ಇಲ್ಲ, ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಹಿಂದೆ ಯಾರೋ ಕಿಸಕ್ಕೆಂದರು. ಜೊತೆಗೆ ಯಾರೂ ನಗಲಿಲ್ಲ.

ತನ್ನ ಸಾಲು ಮುಗಿಸಿ ಸಿದ್ಧಾರ್ಥ ನಿಂತ. ಈಗ ಅವ್ವನ ಸರದಿ. ಅವಳ ಸಾಲಿಗೆ ಎಷ್ಟು ಹೊತ್ತು ಹಿಡಿಯುತ್ತಿತ್ತೋ ಅಷ್ಟು ಹೊತ್ತನ್ನೂ ಅವಳಿಗೇ ಬಿಟ್ಟು ಗುಂಡಿಯ ಕಡೆ ನೋಡುತ್ತಾ ಕಾದ. ಆಮೇಲೆ ಮತ್ತೆ ಮೊದಲಿನಿಂದ ಎತ್ತಿಕೊಂಡ.

"ಸಾಕು ಬಿಡ್ಲಾ," ಎಂದ ಹನುಮಯ್ಯ. ಗದರಲು ಹೋದವನ ದನಿ ನಡುವೆಯೇ ಕುಸಿಯಿತು.

"ಸಾಕಾಗಿಲ್ಲ ಮಾವ. ಹತ್ತು ವರ್ಷದ್ದೈತೆ."

ಮೂರನೆಯ ಸಲ ಅವ್ವನ ಸರದಿ ಬಂದಾಗಲೂ ಗಂಡಸರೆಲ್ಲ ಮುಷ್ಟಿ ಬಿಗಿಹಿಡಿದು ಹಾಗೇ ನಿಂತಿದ್ದರು. ಹನುಮಯ್ಯನ ಬೆರಳ ಸಂದಿಯಿಂದ ಮಣ್ಣು ಸ್ವಲ್ಪಸ್ವಲ್ಪವೇ ಸೋರಿ ಅವನ ಪಾದದ ಮೇಲೇ ಬೀಳುತ್ತಿತ್ತು.